ಚಿಕ್ಕಣ್ಣನವರು ಅಳೆದ ಬೀದಿ

ಚಿಕ್ಕಣ್ಣನವರ ಎಡಗಿವಿ ಅರ್ಧ ಮಾತ್ರ ಇತ್ತು. ಮೇಲಿನ ಭಾಗ ಹರಿದುಹೋಗಿ, ಉಳಿದದ್ದು ಒಣಗಿದ ಅಣಬೆಯ ಹಾಗೆ ಸುರುಟಿಕೊಂಡಿತ್ತು. ಕನ್ನಡಕ ಆ ಕಡೆ ನಿಲ್ಲುತ್ತಿರಲಿಲ್ಲವಾದ್ದರಿಂದ ದಾರ ಕಟ್ಟಿ ತಲೆಯ ಹಿಂದೆ ಗಂಟು ಹಾಕಿಕೊಳ್ಳುತ್ತಿದ್ದರು. ಕೆಲಸಕ್ಕೆ ಸೇರಿದ ಮೊದಲ ದಿನ ನನ್ನ ಕಣ್ಣು ಅಲ್ಲಿಗೇ ಹೋದದ್ದನ್ನು ನೋಡಿ, "ಹಾರೆ ಏಟಮ್ಮ. ಆಮೇಲೆ ಹೇಳ್ತೀನಿ. ಈಗ ಟೇಪ್ ಹಿಡ್ಕೊ," ಎಂದರು.

ನಮ್ಮದು ಚಾಮರಾಜಪೇಟೆಯ ಒಂದು ಸಣ್ಣ ಕಚೇರಿ. ಬಸವನಗುಡಿಯ ಹಳೆಯ ಅಂಗಡಿಬೀದಿಗಳನ್ನು ನಡೆಯುವವರಿಗೆ ಬಿಟ್ಟುಕೊಡುವ ಇಪ್ಪತ್ತು ವರ್ಷಗಳ ಯೋಜನೆಯ ನಕ್ಷೆ ಬರೆಯುವ ಕೆಲಸ ನಮಗೆ ಬಂದಿತ್ತು. ಮೊದಲು ಫುಟ್‌ಪಾತ್ ಅಗಲ ಮಾಡುವುದು; ಆಮೇಲೆ ಕಾರುಗಳನ್ನು ಒಂದೊಂದೇ ಬೀದಿಯಿಂದ ಹೊರಗೆ ಕಳಿಸುವುದು; ಕೊನೆಗೆ ಮಕ್ಕಳ ಕೈ ಬಿಟ್ಟು ಓಡಾಡಬಹುದಾದ ಒಂದು ಪೇಟೆ ಮಾಡುವುದು. ನಾನು ಕಂಪ್ಯೂಟರಿನಲ್ಲಿ ಗೆರೆ ಎಳೆಯುವವಳು. ಚಿಕ್ಕಣ್ಣನವರು ಬೇರೆಲ್ಲೋ ನೌಕರಿ ಮಾಡಿ ನಿವೃತ್ತರಾಗಿ ನಮ್ಮಲ್ಲಿಗೆ ಸರ್ವೆಗೆ ಬಂದವರು.

ಅವರಷ್ಟು ಕೋಪಿಷ್ಠರನ್ನು ನಾನು ಕಂಡಿಲ್ಲ. ರಸ್ತೆ ದಾಟುವಾಗ ಕಾರು ಮೈಮೇಲೆ ಬಂದರೆ ಅದರ ಬಾನೆಟ್ಟಿನ ಮೇಲೆ ಅಂಗೈಯಿಂದ ಧಡ್ ಎಂದು ಬಡಿಯುತ್ತಿದ್ದರು. ಒಮ್ಮೆ ಒಂದು ಕರೆಂಟ್ ಕಂಬವನ್ನು ಬಿಟ್ಟು ನಾನು ನಕ್ಷೆ ಬರೆದಿದ್ದೆ. ಅವರು ಎಸೆದ ಸ್ಟೀಲ್ ಸ್ಕೇಲು ನನ್ನ ಕೆನ್ನೆಯ ಪಕ್ಕದಿಂದ ಹಾದು ಗೋಡೆಗೆ ತಗುಲಿತು. "ಕಣ್ಣು ಕಾಣದೋರು ಬಂದ್ರೆ ಅಲ್ಲಿ ಮುಖ ಜಜ್ಜಿಕೊಳ್ತಾರೆ!" ಎಂದು ಕೂಗಿದರು. ಅರ್ಧ ಗಂಟೆಯ ನಂತರ ಬೇಕರಿಯಿಂದ ಬೆಣ್ಣೆ ಬಿಸ್ಕತ್ತು ತಂದು ನನ್ನ ಮೇಜಿನ ಮೇಲಿಟ್ಟು, "ತಗೊ. ತಪ್ಪು ನಿಂದು, ಎಸೆದಿದ್ದು ನಂದು," ಎಂದರು.

ಹಾರೆಯ ಕಥೆ ಹೇಳಿದ್ದು ಗಾಂಧಿ ಬಜಾರಿನ ಹೋಟೆಲೊಂದರಲ್ಲಿ, ಕಾಫಿ ಆರುವವರೆಗೂ ಲೋಟವನ್ನು ಕೈಯಲ್ಲೇ ಹಿಡಿದುಕೊಂಡು. ವಯಸ್ಸಿನಲ್ಲಿದ್ದಾಗ ಬೇರೊಂದು ಊರಿನಲ್ಲಿ ರಸ್ತೆ ಅಗಲ ಮಾಡಿಸುವ ಕೆಲಸದಲ್ಲಿದ್ದರಂತೆ. ಮನೆಗಳ ಮುಂಭಾಗಕ್ಕೆ ಕೆಂಪು ಗುರುತು ಹಾಕುವುದು, ಜೆಸಿಬಿ ತಂದು ಒಡೆಸುವುದು. ಒಬ್ಬ ದರ್ಜಿಯ ಜಗಲಿ ಒಡೆಸುವಾಗ ಅವನು ಹಾರೆ ಎತ್ತಿ ಇವರ ತಲೆಗೆ ಬೀಸಿದ. ತಲೆ ತಪ್ಪಿ ಕಿವಿ ಹೋಯಿತು. ಅವನನ್ನು ಪೊಲೀಸರು ಎಳೆದುಕೊಂಡು ಹೋದರು.

"ನಾನು ಬ್ಯಾಂಡೇಜ್ ಕಟ್ಕೊಂಡು ವಾಪಸ್ ಹೋಗಿ ಮಿಕ್ಕಿದ್ದನ್ನೂ ಒಡೆಸ್ದೆ ಕಣಮ್ಮ. ಹಠ."

ಜಗಲಿ ಹೋದ ಮೇಲೆ ಆ ಮನೆಯ ಬಾಗಿಲು ನೇರವಾಗಿ ರಸ್ತೆಗೇ ತೆರೆಯುತ್ತಿತ್ತು. ತಿಂಗಳು ತುಂಬುವುದರೊಳಗೆ ದರ್ಜಿಯ ತಾಯಿ ಹೊಸಿಲು ದಾಟಿ ಕಾಲಿಟ್ಟವಳು ಲಾರಿಯ ಅಡಿಗೆ ಹೋದಳು.

"ನಾನು ಅಲ್ಲೇ ಚರಂಡಿ ಅಳೀತಿದ್ದೆ. ಕಿವಿ ಅರ್ಧ ಹೋಗಿತ್ತು, ಶಬ್ದ ಪೂರ್ತಿ ಕೇಳಿಸ್ತು," ಎಂದರು. ಆಮೇಲೆ ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಎದ್ದರು.

ಯೋಜನೆಯನ್ನು ಜನರ ಮುಂದಿಡಲು ಒಂದು ಶಾಲೆಯ ಸಭಾಂಗಣದಲ್ಲಿ ಸಭೆ ಸೇರಿಸಿದ್ದೆವು. ಕಾರು ನಿಲ್ಲಿಸಲು ಜಾಗವಿಲ್ಲದಿದ್ದರೆ ಗಿರಾಕಿಗಳು ಬರುವುದಿಲ್ಲ ಎಂಬ ಭಯ ಅಂಗಡಿಯವರಿಗಿತ್ತು. ಮಾತು ಬೈಗುಳವಾಗಿ, ಹಿಂದಿನ ಸಾಲಿನಿಂದ ಮಡಚುವ ಕಬ್ಬಿಣದ ಕುರ್ಚಿಯೊಂದು ಹಾರಿಬಂದು ಚಿಕ್ಕಣ್ಣನವರ ಹಣೆಗೆ ಬಡಿಯಿತು. ರಕ್ತ ಹುಬ್ಬಿನಿಂದ ಇಳಿದು ಕನ್ನಡಕದ ಗಾಜನ್ನು ತುಂಬಿತು. ಅವರು ಆ ಕುರ್ಚಿಯನ್ನು ಎತ್ತಿದಾಗ ತಿರುಗಿ ಎಸೆಯುತ್ತಾರೆಂದೇ ನಾನು ಕಣ್ಣು ಮುಚ್ಚಿದೆ. ಅವರು ಅದನ್ನು ಬಿಡಿಸಿಟ್ಟು ಅದರ ಮೇಲೆ ಕೂತರು. "ಇನ್ನೂ ನಾಲ್ಕು ನಕ್ಷೆ ಇದೆ. ನೋಡ್ಬಿಟ್ಟು ಆಮೇಲೆ ಹೊಡೀರಿ," ಎಂದರು. ಆವತ್ತು ಮುಂದಿನ ಸಾಲಿನ ಮುದುಕಿಯೊಬ್ಬಳು, "ಫುಟ್‌ಪಾತು ಇಷ್ಟೆತ್ತರ ಬೇಡಪ್ಪ, ಮಂಡಿ ನೋಯುತ್ತೆ," ಎಂದಿದ್ದಳು. ಎತ್ತರ ಕಡಿಮೆ ಮಾಡಿದರೆ ಬೈಕುಗಳು ಹತ್ತುತ್ತವೆ ಎಂದು ಇವರು ಆ ಒಂದು ಮಾತಿಗೆ ಮಾತ್ರ ಒಪ್ಪಲಿಲ್ಲ.

ಆ ಮಳೆಗಾಲದಲ್ಲೇ ನಡೆಯಿತು, ನಾನು ಮರೆಯಲಾಗದ್ದು. ಬೆಳಿಗ್ಗೆ ನಾವಿಬ್ಬರೂ ಅಳತೆಗೆ ನಿಂತಿದ್ದೆವು. ರಸ್ತೆಯಲ್ಲಿ ವಾಹನಗಳು ಸಿಕ್ಕಿಕೊಂಡಿದ್ದವು. ಒಬ್ಬ ಗಂಡಸು ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಬೈಕನ್ನು ಹಳೆಯ ಫುಟ್‌ಪಾತಿಗೆ ಹತ್ತಿಸಿದ. ಬಾಳೆಎಲೆ ಮಾರುವ ಗೌರಮ್ಮ ಏಳುವಷ್ಟರಲ್ಲಿ ಮುಂದಿನ ಚಕ್ರ ಅವಳ ಕೈಬೆರಳುಗಳ ಮೇಲೆ ಹಾದಿತ್ತು. ಅವನು ಬೈಕು ನಿಲ್ಲಿಸಿ, "ದಾರೀಲಿ ಕೂತ್ಕೊಂಡ್ರೆ ಇನ್ನೇನಾಗುತ್ತೆ?" ಎಂದ.

ಚಿಕ್ಕಣ್ಣನವರು ಅವನನ್ನು ಕಾಲರ್ ಹಿಡಿದು ಕೆಳಗೆಳೆದರು. ಅಳತೆಕೋಲಿನಿಂದ ಹೆಗಲಿಗೆ, ಬೆನ್ನಿಗೆ, ಬಾಯಿಗೆ ಹೊಡೆದರು. ಮೊದಲೆರಡು ಏಟಿಗೆ ನನಗೆ ಸಂತೋಷವಾಯಿತು, ಅದನ್ನು ಮುಚ್ಚಿಡಲಾರೆ. ಆಮೇಲೆ ಅವನ ಹಲ್ಲು ಒದ್ದೆ ಕಲ್ಲಿನ ಮೇಲೆ ಬಿತ್ತು. ಅವನ ಹೆಂಡತಿ "ಸಾಕು ಬಿಡಿ ಸಾರ್, ಸಾಕು ಬಿಡಿ" ಎಂದು ಅಳುತ್ತಿದ್ದಳು. ಬಿದ್ದವನನ್ನೂ ಅವರು ಬಿಡಲಿಲ್ಲ. ನಾನು ಹಿಂದಿನಿಂದ ತಬ್ಬಿ ಹಿಡಿದು ಎಳೆದ ಮೇಲೆಯೇ ಕೋಲು ಕೆಳಗಿಳಿಯಿತು.

ಮೂರನೆಯ ದಿನ ಬೆಳಿಗ್ಗೆ ಗವಿಪುರಂನಲ್ಲಿ, ಚಿಕ್ಕಣ್ಣನವರ ಮನೆಯ ಹತ್ತಿರದ ಹಾಲಿನ ಬೂತಿನ ಮುಂದೆ, ಮೂವರು ಬಂದು ಕಬ್ಬಿಣದ ಸಲಾಕೆಯಿಂದ ಅವರ ಬಲಮಂಡಿಯನ್ನು ಪುಡಿ ಮಾಡಿದರು. ಆ ಬೈಕಿನವನೂ ಅವರಲ್ಲಿದ್ದ. ಆಸ್ಪತ್ರೆಗೆ ಹೇಳಿಕೆ ಬರೆದುಕೊಳ್ಳಲು ಬಂದ ಪೊಲೀಸರಿಗೆ ಇವರು, "ಮೊದಲು ಹೊಡ್ದಿದ್ದು ನಾನು. ಅದನ್ನೂ ಬರ್ಕೊಳಿ," ಎಂದರು.

ಅವರ ಹೆಂಡತಿ ಪುಟ್ಟಲಕ್ಷ್ಮಮ್ಮ ತಡೆಯಲಾರದೆ ಕೂಗಿದರು: "ನಿಮ್ಗೇನ್ ತಲೆ ಕೆಟ್ಟಿದ್ಯಾ? ಹಲ್ಲು ಹೋಗಿದ್ದಕ್ಕೆ ಕಾಲೇ ಮುರೀತಾರೇನ್ರೀ?"

"ಅವನ ಹೆಂಡ್ತಿ ಎದುರಿಗೇ ಹೊಡ್ದೆ ಕಣೇ. ಬಿಡಿ ಅಂದ್ಲು. ನಾನು ಬಿಡ್ಲಿಲ್ಲ."

ಆ ಮಂಡಿ ಮತ್ತೆ ಮಡಚಲಿಲ್ಲ. ನಾಲ್ಕು ತಿಂಗಳ ನಂತರ ವಾಕರ್ ಹಿಡಿದುಕೊಂಡು, ಆಟೋದಲ್ಲಿ, ಹೇಳದೆ ಕೇಳದೆ ಕೆಲಸದ ಜಾಗಕ್ಕೆ ಬಂದಿಳಿದರು. ಮೊದಲ ಬೀದಿಯಲ್ಲಿ ಹೊಸ ಫುಟ್‌ಪಾತಿನ ಅಂಚುಗಲ್ಲು ಕೂರಿಸಿ ಆಗಿತ್ತು. ಅವರು ಹಠ ಹಿಡಿದ ಎತ್ತರವೇ. ವಾಕರನ್ನು ಮೇಲಿಟ್ಟು ಕಾಲೆತ್ತಲು ನೋಡಿದರು, ಆಗಲಿಲ್ಲ. ಇನ್ನೊಮ್ಮೆ ನೋಡಿ ಪಕ್ಕಕ್ಕೆ ಬಿದ್ದರು. ಎತ್ತಲು ಹೋದ ನನ್ನ ಕೈಯನ್ನು ಬಡಿದು ಸರಿಸಿದರು. ಬಿದ್ದಲ್ಲೇ ಕೂತು ಆ ಕಲ್ಲಿನ ಎತ್ತರವನ್ನು ಗೇಣಿನಿಂದ ಅಳೆದರು.

"ಆ ಅಜ್ಜಿ ಹೇಳಿದ್ಲಲ್ಲಮ್ಮ, ಮಂಡಿ ನೋಯುತ್ತೆ ಅಂತ."

"ಹೌದು ಸಾರ್."

"ಒಡೆಸು."

ಮೇಸ್ತ್ರಿ ಮುನಿರಾಜು ಒಪ್ಪಲಿಲ್ಲ. "ಮೇಲಿನೋರು ಹೇಳ್ದೆ ಹೆಂಗ್ ಸಾರ್ ಒಡೆಯೋದು?" ಎಂದ. ಚಿಕ್ಕಣ್ಣನವರು ಪಕ್ಕದಲ್ಲಿದ್ದ ಸುತ್ತಿಗೆ ಎಳೆದುಕೊಂಡು, ರಸ್ತೆಯ ಮೇಲೆ ಕೂತೇ ಅಂಚುಗಲ್ಲಿಗೆ ಹೊಡೆಯತೊಡಗಿದರು. ಚೂರುಗಳು ಸಿಡಿದು ಕೆನ್ನೆ ಗೀರಿದರೂ ನಿಲ್ಲಿಸಲಿಲ್ಲ. ಹೂವಿನವರು, ತರಕಾರಿಯವರು ಸುತ್ತ ನಿಂತರು. ಕೊನೆಗೆ ಮುನಿರಾಜುವೇ ಸುತ್ತಿಗೆ ಕಿತ್ತುಕೊಂಡು, "ಬಿಡಿ ಸಾರ್, ನಾನೇ ಒಡೀತೀನಿ," ಎಂದ. ಮರುದಿನ ನಾನು ನಕ್ಷೆ ತಿದ್ದಿದೆ: ಅಂಚು ತಗ್ಗಿಸಿ, ಪ್ರತಿ ತಿರುವಿನಲ್ಲೂ ಇಳಿಜಾರು ಕೊಟ್ಟು, ಬೈಕು ನುಗ್ಗದಂತೆ ಮಧ್ಯೆ ಕಲ್ಲುಗೂಟ ಇಟ್ಟೆ. ನಕ್ಷೆಯನ್ನು ಅವರ ಮನೆಗೆ ಒಯ್ದಾಗ ಗೂಟಗಳ ನಡುವಿನ ಅಂತರವನ್ನು ಮಾತ್ರ ಸರಿಪಡಿಸಿ, "ಗಾಲಿಕುರ್ಚಿ ತೂರ್ಬೇಕು," ಎಂದರು.

ಮಂಡಿಯೊಳಗೆ ಕೀವು ಮತ್ತೆ ಮತ್ತೆ ತುಂಬುತ್ತಿತ್ತು. ನಾನು ಕೊನೆಯ ಸಲ ಹೋದಾಗ ಜ್ವರದಲ್ಲಿ ಮಲಗಿದ್ದರು. ಬೀದಿ ಮುಗಿಯುವ ಹೊತ್ತಿಗೆ ನೀವು ಎದ್ದು ಬಂದು ನೋಡಬೇಕು ಎಂದೆ.

"ಇಪ್ಪತ್ತು ವರ್ಷದ್ದು ಅದು. ನಾನು ನೋಡೋಕೆ ಅಂತ ಮಾಡಿದ್ದಲ್ಲ," ಎಂದು ಗದರಿದರು. ಆಮೇಲೆ ಮೆಲ್ಲಗೆ, "ಗೌರಮ್ಮನ ಬೆರಳು ಮಡಚುತ್ತಾ?" ಎಂದು ಕೇಳಿದರು.

"ಎರಡು ಮಡಚುತ್ತೆ ಸಾರ್."

ಅವರು ಗೋಡೆಯ ಕಡೆ ತಿರುಗಿಕೊಂಡರು.

ಸುದ್ದಿ ಬಂದಾಗ ನಾನು ಎರಡನೆಯ ಬೀದಿಯಲ್ಲಿದ್ದೆ. ಫೋನ್ ಮಾಡಿದ್ದು ಪುಟ್ಟಲಕ್ಷ್ಮಮ್ಮ. "ಹೋಗ್ಬಿಟ್ರಮ್ಮ," ಎಂದಷ್ಟೇ ಹೇಳಿದರು. ನನ್ನ ಮುಖ ನೋಡಿ ಮುನಿರಾಜು ಹತ್ತಿರ ಬಂದು, "ಕೆಲಸ ನಿಲ್ಸೋಣ್ವಾ ಮೇಡಂ?" ಎಂದು ಕೇಳಿದ. ಬೇಡ ಎಂದೆ. ಹೊಸದಾಗಿ ಹಾಸಿದ ಕಲ್ಲಿನ ಮೇಲೆಯೇ ಕೂತು ಅತ್ತೆ. ಶಾಲೆಗೆ ಹೋಗುವ ಮಕ್ಕಳು, ಚೀಲ ಹಿಡಿದ ಹೆಂಗಸರು ನನ್ನನ್ನು ಬಳಸಿಕೊಂಡು ಹೋಗುತ್ತಿದ್ದರು. ನಡೆಯುವವರಿಗೆ ಅಡ್ಡವಾಗಿದ್ದೇನೆ ಎಂದು ಹೊಳೆದು ಎದ್ದು ಪಕ್ಕಕ್ಕೆ ನಿಂತೆ.