ಸಸ್ಯಾಹಾರಿಯ ಗಾಳ

ಮೊನ್ನೆ ತರೀಕೆರೆ ಪೇಟೆಯಲ್ಲಿ ಕೋಳಿ ಅಂಗಡಿಯೊಂದರ ಮುಂದೆ ಹಾದು ಬರುತ್ತಿದ್ದಾಗ ಒಂದು ಗರಿ ಗಾಳಿಗೆ ಹಾರಿ ಬಂದು ನನ್ನ ಅಂಗಿಯ ಮೇಲೆ ಕೂತಿತು. ಹುಂಜದ ಕೊರಳಿನ ಗರಿ. ಕೆಂಪು, ತುದಿಯಲ್ಲಿ ಒಂದಿಷ್ಟು ಹೊಂಬಣ್ಣ. ಮರ್ಯಾದಸ್ಥರಾದವರು ಛೀ ಎಂದು ಕೊಡವಿಕೊಂಡು ಹೋಗುತ್ತಾರೆ. ನಾನು ಅದನ್ನು ಬೆಳಕಿಗೆ ಹಿಡಿದು, ಎರಡು ಬೆರಳಲ್ಲಿ ನೇವರಿಸಿ ನೋಡಿ, ಜೇಬಿಗೆ ಹಾಕಿಕೊಂಡೆ. ಸಾಯಂಕಾಲ ಅಂಗಿ ಒಗೆಯಲು ತೆಗೆದುಕೊಂಡ ನನ್ನ ಹೆಂಡತಿಯ ಕೈಗೆ ಅದು ಸಿಕ್ಕಿತು. ಅವಳು ಗರಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಮುದುಕರಾದರೂ ಆ ಹುಚ್ಚು ಬಿಡಲಿಲ್ಲವಲ್ಲ ಎಂದು ಗೊಣಗಿಕೊಂಡು ಒಳಗೆ ಹೋದಳು.

ಹುಚ್ಚು ನನ್ನದಲ್ಲ ಸ್ವಾಮಿ, ಓಂಕಾರಪ್ಪನದು. ನಾನು ಆ ಹುಚ್ಚಿಗೆ ಗರಿ ಒದಗಿಸುತ್ತಿದ್ದವನು ಮಾತ್ರ.

ಓಂಕಾರಪ್ಪ ಮತ್ತು ನಾನು ಕಡೂರಿನ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ನಾನು ದೇವನೂರು ಕಡೆಯ ಬಯಲಿನವನು. ರಾಗಿ ಮುದ್ದೆಯ ಜೊತೆ ಏನು ಸಿಕ್ಕರೂ ಬೇಡ ಎನ್ನದ ಜಾತಿ. ಅವನು ತರೀಕೆರೆಯ ಹಳೇ ಜವಳಿ ಮನೆತನದವನು. ಕೊರಳಲ್ಲಿ ಲಿಂಗ, ಹಣೆಗೆ ವಿಭೂತಿ, ವರ್ಷಕ್ಕೊಮ್ಮೆ ಮಠಕ್ಕೆ ಭಕ್ತಿ ಕಾಣಿಕೆ. ಅವರ ಮನೆಯಲ್ಲಿ ಮೊಟ್ಟೆ ಎಂಬ ಮಾತನ್ನೂ ಗಟ್ಟಿಯಾಗಿ ಆಡುತ್ತಿರಲಿಲ್ಲ. ಕಾಲೇಜು ಓದುವಾಗ ತಂದೆ ತೀರಿಕೊಂಡದ್ದರಿಂದ, ಪುಸ್ತಕ ಮುಚ್ಚಿಟ್ಟು ಜವಳಿ ಅಂಗಡಿಯ ಗಜಕಡ್ಡಿ ಹಿಡಿದ. ಅವನಿಗೆ ಆ ಅಂಗಡಿ ಬೇಕಿರಲಿಲ್ಲ. ಬೇಡ ಎಂದು ಯಾರ ಹತ್ತಿರವೂ ಹೇಳಲಿಲ್ಲ, ಅಷ್ಟೆ. ಮುಂದೆ ನಾನು ತರೀಕೆರೆಗೇ ಮೇಷ್ಟ್ರಾಗಿ ಬಂದಾಗ, ಸೀರೆ ಮಡಿಸುತ್ತಾ ಕೂತಿದ್ದ ಅವನ ಮುಖ ನೋಡಿ, ಬೇಡದಿದ್ದರೂ ಎರಡು ಪಂಚೆ ಕೊಂಡುಕೊಂಡೆ.

ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ಕೆಮ್ಮಣ್ಣುಗುಂಡಿಯ ತಪ್ಪಲಿನ ಕಾಫಿ ತೋಟದ ಮ್ಯಾನೇಜರೊಬ್ಬ ಊರು ಬಿಡುವಾಗ ಬಂಗಲೆಯ ಸಾಮಾನು ಹರಾಜು ಹಾಕಿದ. ಅಂಗಡಿಗೆ ಗಾಜಿನ ಬೀರು ತರುತ್ತೇನೆಂದು ಹೋದ ಓಂಕಾರಪ್ಪ, ಬೀರು ಬಿಟ್ಟು ಉದ್ದನೆಯ ಕ್ಯಾನ್ವಾಸ್ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು ಬಂದ. ಅದರೊಳಗೆ ಒಂದಕ್ಕೊಂದು ಸೇರಿಸುವ ಬಿದಿರಿನ ಕೋಲಿನ ತುಂಡುಗಳು, ದಾರ ಸುತ್ತಿದ ರೀಲು, ಒಂದು ತಗಡಿನ ಡಬ್ಬಿ. ಡಬ್ಬಿಯಲ್ಲಿ ಸಣ್ಣ ಸಣ್ಣ ಗಾಳದ ಕೊಕ್ಕೆಗಳಿಗೆ ಗರಿ, ನೂಲು ಸುತ್ತಿ ಮಾಡಿದ ನೊಣಗಳು. ಕೋಲನ್ನು ಚಾಟಿಯ ಹಾಗೆ ಬೀಸಿ ಆ ನೊಣವನ್ನು ನೀರಿನ ಮೇಲೆ ಇಳಿಸಬೇಕು. ಮೀನು ನಿಜವಾದ ನೊಣವೇ ಬಿತ್ತೆಂದು ಬಾಯಿ ಹಾಕಬೇಕು. ದೊರೆಗಳ ಆಟ.

ಇದರಲ್ಲಿ ಎರೆಹುಳು ಚುಚ್ಚುವ ಪಾಪ ಇಲ್ಲ, ಬರೀ ನೂಲು ಮತ್ತು ಗರಿ, ಮೀನು ಸಿಕ್ಕರೆ ವಾಪಸ್ ಬಿಡುವುದು, ಆದ್ದರಿಂದ ಇದು ಅಹಿಂಸೆ ಎಂದು ಅವನು ನನಗೆ ವಿವರಿಸಿದ. ಹಿಂಸೆಯೇನಿದ್ದರೂ ಮೀನಿಗೆ ಮಾತ್ರ ಎಂದಾಯಿತು. ಎರೆಹುಳುಗಳ ಪರವಾಗಿ ನಾನು ಸಂತೋಷಪಟ್ಟೆ.

ಅವನ ತಾಯಿ ಗೌರಮ್ಮನವರು ಹಾಗೆ ಸುಲಭಕ್ಕೆ ಸಂತೋಷಪಡುವವರಲ್ಲ. ಕೋಲನ್ನು ನಡುಮನೆಯಲ್ಲಿ ನೋಡಿದ ದಿನ ನಾನೂ ಅಲ್ಲಿದ್ದೆ. ಅವರು ಕೂಗಾಡಲಿಲ್ಲ.

"ಭಾನುವಾರ ಹೋಗಿ ಆಟ ಆಡ್ಕೊಂಡು ಬಾ, ಬೇಡ ಅನ್ನಲ್ಲ. ಆದ್ರೆ ಮೀನು ಮುಟ್ಟಿದ ಕೈಲಿ ನನ್ನ ಪೂಜೆ ಕೋಣೆಗೆ ಬರಬೇಡ. ನಾನಾಗಿ ಕರೆಯೋವರ್ಗೂ ಬರಬೇಡ."

ಈ ಮಾತಿನ ತೂಕ ನಿಮಗೆ ತಿಳಿಯಬೇಕು. ಅವರ ಮನೆಯಲ್ಲಿ ಬೆಳಿಗ್ಗೆ ಸಂಜೆ ತಾಯಿ ಮಗ ಒಟ್ಟಿಗೆ ಕೂತು, ಎಡಗೈ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಪೂಜೆ ಮಾಡುತ್ತಿದ್ದರು. ತಂದೆ ಹೋದ ಮೇಲೆ ಆ ಇಬ್ಬರು ಅಂಗಡಿಯ ವ್ಯವಹಾರ ಬಿಟ್ಟು ಬೇರೆ ಮಾತಾಡುತ್ತಿದ್ದದ್ದೂ ಅಲ್ಲೇ, ಪೂಜೆ ಮುಗಿದ ಮೇಲಿನ ಆ ಸ್ವಲ್ಪ ಹೊತ್ತು. ಹೀಗೆ ಓಂಕಾರಪ್ಪನ ಪಾಡು ಏನಾಯಿತು ನೋಡಿ: ಮೀನು ಸಿಗದಿದ್ದರೆ ಊರು ನಗುತ್ತದೆ, ಸಿಕ್ಕರೆ ತಾಯಿಯ ಪಕ್ಕದ ಮಣೆ ಹೋಗುತ್ತದೆ. ಬುದ್ಧಿಯಿದ್ದವನು ಕೋಲನ್ನು ಅಟ್ಟಕ್ಕೆ ಹಾಕುತ್ತಿದ್ದ. ಇವನು ಮುಂದಿನ ಭಾನುವಾರವೇ ಬೈಕು ಒರೆಸಿಕೊಂಡು ನಮ್ಮ ಮನೆ ಮುಂದೆ ನಿಂತ.

ಅಭ್ಯಾಸ ಮೊದಲಾದದ್ದು ಅಂಗಡಿಯ ತಾರಸಿಯ ಮೇಲೆ. ಮೊದಲನೇ ಬೀಸಿಗೇ ಕೊಕ್ಕೆ ಪಕ್ಕದ ಮನೆಯ ಹಗ್ಗದ ಮೇಲೆ ಒಣಗುತ್ತಿದ್ದ ಸೀರೆಗೆ ಸಿಕ್ಕಿಕೊಂಡಿತು. ಎಳೆದಷ್ಟೂ ಸೀರೆ ಬಂತು. ಆ ಸೀರೆ ಅವನ ಅಂಗಡಿಯದ್ದೇ. ಜವಳಿಯವನ ಗಾಳಕ್ಕೆ ಜವಳಿಯಲ್ಲದೆ ಇನ್ನೇನು ಬೀಳುತ್ತದೆ ಎಂದು ಪೇಟೆಯವರು ತಿಂಗಳುಗಟ್ಟಲೆ ಆಡಿಕೊಂಡರು. ಅವನು ನೊಂದುಕೊಳ್ಳಲಿಲ್ಲ. ಹಳೆಯ ನೊಣಗಳು ಮರ ಬಳ್ಳಿಗಳ ಪಾಲಾದ ಮೇಲೆ ತಾನೇ ಹೊಸವನ್ನು ಕಟ್ಟತೊಡಗಿದ. ನೂಲಿಗೆ ಅಂಗಡಿಯಲ್ಲಿ ಬರವೇ? ಮದುವೆ ಸೀರೆಯ ಜರಿ ಎಳೆ ಎಳೆದು ನೊಣಕ್ಕೆ ಸುತ್ತಿದ. ಗರಿಗೆ ಮಾತ್ರ ನಮ್ಮ ಮನೆಯ ಹುಂಜವೇ ಗತಿ. ನಮ್ಮ ಮನೆಯಲ್ಲಿ ಬೆಳೆದ ಪಾಪಕ್ಕೆ ಅದರ ಕೊರಳು ಬೋಳಾಯಿತು, ಹೇಂಟೆಗಳೂ ಅದನ್ನು ಹತ್ತಿರ ಸೇರಿಸದಂತಾದವು.

ಒಂದು ಸಲ ಕಡೂರಿನ ಆಚೆ ವೇದಾ ನದಿಗೆ ಹೋದೆವು. ನದಿ ಎನ್ನುವುದು ನಮ್ಮ ಬಯಲಿನವರ ಔದಾರ್ಯ. ಮರಳಿನ ನಡುವೆ ಅಲ್ಲಲ್ಲಿ ಮಡು. ತಲೆಗೆ ಹ್ಯಾಟು ಹಾಕಿಕೊಂಡು ಓಂಕಾರಪ್ಪ ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸುತ್ತಿದ್ದುದನ್ನು ದಡದ ತೋಟದ ರೈತನೊಬ್ಬ ಬಹಳ ಹೊತ್ತು ನೋಡಿದ. ಆಮೇಲೆ ಎರಡು ಎಳನೀರು ಕೆತ್ತಿಕೊಂಡು ಬಂದು, ಕಾಲುವೆಯ ಸರ್ವೆ ಎಲ್ಲಿಯವರೆಗೆ ಬಂತು, ತನ್ನ ಖಾತೆಯ ತೆಂಗಿನ ಸಾಲು ಉಳಿಯುತ್ತದೆಯೇ ಎಂದು ಕೈ ಮುಗಿದು ಕೇಳಿದ. ನಾನು ನಿಜ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಓಂಕಾರಪ್ಪ ಎಳನೀರು ಕುಡಿದು ಬಾಯಿ ಒರೆಸಿಕೊಂಡು, ನಿಮ್ಮ ಸಾಲಿಗೆ ಏನೂ ಆಗುವುದಿಲ್ಲ ಹೋಗಿ ಎಂದು ಆಶ್ವಾಸನೆ ಕೊಟ್ಟ. ನನಗೆ ತಿಳಿದಂತೆ ಈ ದೇಶದಲ್ಲಿ ರೈತನಿಗೆ ಕೊಟ್ಟ ಮಾತು ಉಳಿದದ್ದು ಅದೊಂದೇ. ಕಾಲುವೆ ಆ ಕಡೆ ಬರಲೇ ಇಲ್ಲ.

ನನ್ನ ಆಸೆ ಏನಿತ್ತು ಎಂದು ಕೇಳುತ್ತೀರಾ? ಸ್ನೇಹ ಅರ್ಧ, ನಾಲಿಗೆ ಅರ್ಧ. ಅವನು ತಿನ್ನುವವನಲ್ಲ, ಬಿಡಲು ಮನಸ್ಸಾಗದ ಒಂದು ದಿನ ನನ್ನ ಚೀಲಕ್ಕೆ ಹಾಕಿಯಾನು ಎಂಬ ಲೆಕ್ಕ. ಮೊದಮೊದಲು ಹೆಂಡತಿ ಭಾನುವಾರ ಹುಣಸೇಹಣ್ಣು ನೆನೆಹಾಕಿ, ಮಸಾಲೆ ರುಬ್ಬಿ ಕಾಯುತ್ತಿದ್ದಳು. ನಾನು ಬರಿಗೈಯಲ್ಲಿ ಬಂದರೆ ಆ ಮಸಾಲೆಗೆ ಬದನೆಕಾಯಿ ಬೀಳುತ್ತಿತ್ತು. ಕೆಲವು ತಿಂಗಳಾದ ಮೇಲೆ, ಆ ಲಿಂಗದೋರ ಜೊತೆ ಮೀನಿಗೆ ಹೋಗುವುದೂ ಒಂದೇ, ಮಠಕ್ಕೆ ಹೋಗುವುದೂ ಒಂದೇ, ಮಠಕ್ಕಾದರೆ ಊಟವಾದರೂ ಸಿಗುತ್ತದೆ ಎಂದು ಹೇಳಿ ರುಬ್ಬುವುದನ್ನು ನಿಲ್ಲಿಸಿದಳು. ಹೊಳೆಯಲ್ಲಿ ಹುಣಸೇಹಣ್ಣು ತೊಳೆಯುವುದು ಎಂದರೆ ಏನೆಂದು ನಮ್ಮ ಮನೆಯವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸಾಯಂಕಾಲ ಅವನನ್ನು ಮನೆಗೆ ಮುಟ್ಟಿಸುವ ಕೆಲಸವೂ ನನ್ನದೇ. ಗೌರಮ್ಮನವರು ಬಾಗಿಲಲ್ಲಿ ನಿಂತು ಮಗನನ್ನು ಬಿಟ್ಟು ನನ್ನನ್ನು ಕೇಳುತ್ತಿದ್ದರು, ಇವತ್ತೇನಾದರೂ ಸಿಕ್ಕಿತೇ ಎಂದು. ಮೇಷ್ಟ್ರು ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ ಆಗ ಇನ್ನೂ ಉಳಿದಿತ್ತು. ಇಲ್ಲ ಎಂದು ನಾನು ಹೇಳುತ್ತಿದ್ದೆ, ಸ್ವಲ್ಪ ಹೊಟ್ಟೆಯುರಿಯಿಂದಲೇ. ಅವರ ಮುಖ ಅರಳುತ್ತಿತ್ತು. ಅಪ್ಪ ಇಲ್ಲದ ಹುಡುಗ, ಏನೋ ಆಡಿಕೊಳ್ಳಲಿ ಎಂದು ಅವರು ಅಜ್ಜಂಪುರದ ನೆಂಟರ ಮುಂದೆ ಸಮರ್ಥಿಸಿಕೊಳ್ಳುತ್ತಿದ್ದದ್ದೂ ಇದೇ ಬಲದ ಮೇಲೆ: ನಮ್ಮ ಓಂಕಾರಿ ಏನೂ ಹಿಡಿಯುವುದಿಲ್ಲ, ಬಿಡಿ. ಮಗ ಕೆಲಸಕ್ಕೆ ಬಾರದವನು ಎಂದು ಇಷ್ಟು ಹೆಮ್ಮೆಯಿಂದ ಹೇಳಿದ ತಾಯಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಏಳೆಂಟು ವರ್ಷ ಹೀಗೇ ನಡೆಯಿತು. ಓಂಕಾರಪ್ಪನಿಗೆ ಮದುವೆಯಾಯಿತು, ಮಗನಾದ. ಭಾನುವಾರ ಮಾತ್ರ ಬದಲಾಗಲಿಲ್ಲ.

ಒಂದು ಭಾನುವಾರ ಲಿಂಗದಹಳ್ಳಿಯ ಮೇಲಿನ ಹಳ್ಳಕ್ಕೆ ಹೋಗಿದ್ದೆವು. ದಸರಾ ಕಳೆದಿತ್ತು, ಮಳೆ ನಿಂತು ನೀರು ತಿಳಿಯಾಗಿತ್ತು. ನಾನು ಬಂಡೆಗೆ ಒರಗಿ ನಿದ್ದೆಗೆ ಜಾರುತ್ತಿದ್ದೆ. ರೀಲು ಕರಕರ ಎಂದಿತು. ಎದ್ದು ನೋಡಿದರೆ ಕೋಲು ಬಿಲ್ಲಾಗಿದೆ, ಓಂಕಾರಪ್ಪ ಮೊಣಕಾಲು ನೀರಿನಲ್ಲಿ ಬಿಳಿಚಿಕೊಂಡು ನಿಂತಿದ್ದಾನೆ. ಬಹಳ ಹೊತ್ತು ಎಳೆದ, ಬಿಟ್ಟ, ಜಾರಿದ, ಎದ್ದ. ಹ್ಯಾಟು ತೇಲಿಕೊಂಡು ಹೋಯಿತು. ಕೊನೆಗೆ ಮೀನು ದಡದ ಕಲ್ಲುಗಳ ನಡುವಿನ ತೆಳು ನೀರಿಗೆ ಬಂತು. ಮೊಳಕ್ಕೆ ಕಡಿಮೆಯಿಲ್ಲ, ಬೆನ್ನ ಮೇಲೆ ಚಿನ್ನದ ಬಣ್ಣದ ಹುರುಪೆ, ಬಾಯಲ್ಲಿ ನಮ್ಮ ಹುಂಜದ ಗರಿ.

ನಾನು ಹಾರಿ ಎರಡೂ ಕೈಯಿಂದ ಹಿಡಿದೆ. ಸುಳ್ಳು ಯಾಕೆ ಹೇಳಲಿ, ಆ ಕ್ಷಣ ನನಗೆ ಕಂಡದ್ದು ಸಾರಿನ ಪಾತ್ರೆ. ಕೊಕ್ಕೆ ಬಿಡಿಸು, ನಾನು ಮುಟ್ಟುವ ಹಾಗಿಲ್ಲ ಎಂದ. ಬಿಡಿಸಿದೆ. ನೀರಿಗೆ ಬಿಡು ಎಂದ. ನಾನು ಬಿಡಲಿಲ್ಲ. ಇಷ್ಟು ವರ್ಷ ಮರ ಹತ್ತಿ ನಿನ್ನ ನೊಣ ಬಿಡಿಸಿದವನು ನಾನು, ಇದು ನನ್ನ ಕೂಲಿ ಎಂದೆ. ನೀನೇನೂ ಮುಟ್ಟಿಲ್ಲ, ನಿನ್ನ ಪೂಜೆಗೆ ಏನೂ ಕುಂದಿಲ್ಲ ಎಂದು ಧರ್ಮಸೂಕ್ಷ್ಮವನ್ನೂ ಹೇಳಿದೆ. ಅವನಿಗೆ ನನ್ನ ಮಾತು ಕೇಳಿಸುತ್ತಿರಲಿಲ್ಲ. ಮೀನನ್ನೇ ನೋಡುತ್ತಿದ್ದ.

"ಒಂದ್ಸಲ ಇಲ್ಲಿ ಕೊಡೋ," ಅಂದ.

ಕೊಟ್ಟೆ. ಅವನು ಕೋಲನ್ನು ಕೆಳಗೆ ಹಾಕಿ, ಮೀನನ್ನು ಎಡಗೈಯಲ್ಲಿ ಮಲಗಿಸಿಕೊಂಡು, ಬಲಗೈಯನ್ನು ಅದರ ಮೇಲೆ ಮೆತ್ತಗೆ ಇಟ್ಟ. ಅವನ ಕಣ್ಣಲ್ಲಿ ನೀರಿತ್ತು. ಆಮೇಲೆ ಬಗ್ಗಿ ನೀರಿನೊಳಗೆ ಕೈ ಸಡಿಲಿಸಿದ. ಮೀನು ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ನಾನು ಆಡಬಾರದ ಮಾತುಗಳನ್ನೆಲ್ಲ ಆಡಿದೆ. ಅವನು ಮರಳು ಹಾಕಿ ಕೈ ತಿಕ್ಕಿ ತಿಕ್ಕಿ ತೊಳೆದುಕೊಂಡ.

ತರೀಕೆರೆಗೆ ಬರುವ ದಾರಿಯಲ್ಲಿ ನನ್ನ ಸಿಟ್ಟು ಇಳಿದಿತ್ತು. ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಸಿದ್ಧಮಾಡಿಕೊಂಡೆ. ಬಾಗಿಲಲ್ಲಿ ಗೌರಮ್ಮನವರು ಎಂದಿನಂತೆ ನನ್ನನ್ನು ಕೇಳಿದರು. ಇವನಿಗೆಲ್ಲಿ ಸಿಗುತ್ತದೆ ಅವ್ವ ಎಂದು ನಾನು ನಕ್ಕೆ. ಅವರ ಮುಖ ಅರಳುವುದರಲ್ಲಿತ್ತು.

"ಸಿಕ್ತು ಕಣವ್ವ," ಅಂದ ಓಂಕಾರಪ್ಪ. "ಕೈಯಲ್ಲಿ ಹಿಡಿದೆ. ಬಿಟ್ಬಿಟ್ಟೆ."

ಅವನ ಕಾಲಿಗೆ ಒದೆಯಬೇಕೆನ್ನಿಸಿತು ನನಗೆ. ಇಷ್ಟು ವರ್ಷ ನಗಿಸಿಕೊಂಡವನು ಒಂದು ಮೀನು ಸಿಕ್ಕ ದಿನವೇ ಸಿಗಲಿಲ್ಲ ಎನ್ನಬೇಕೆಂದರೆ ಅದು ಅವನಿಂದ ಆಗುವ ಕೆಲಸವಾಗಿರಲಿಲ್ಲ. ಗೌರಮ್ಮನವರು ಮಗನ ಕೈಯನ್ನು ನೋಡುತ್ತಾ ನಿಂತರು.

"ಎಷ್ಟುದ್ದ ಇತ್ತು?"

ಅವನು ಕೈ ಅಗಲಿಸಿ ತೋರಿಸಿದ. ಜವಳಿಯವನ ಅಳತೆ, ಒಂದು ಬೆರಳೂ ಹೆಚ್ಚಿಗೆ ತೋರಿಸಲಿಲ್ಲ. ಅವರು ತಲೆಯಾಡಿಸಿ ಒಳಗೆ ಹೋದರು. ಓಂಕಾರಪ್ಪ ಸ್ನಾನ ಮಾಡಿ ಬರುವಷ್ಟರಲ್ಲಿ ಅವನ ಮಣೆ, ವಿಭೂತಿ, ತಂಬಿಗೆ ನೀರು ಹೊರಗಿನ ಜಗಲಿಗೆ ಬಂದಿದ್ದವು.

ಊರಿಗೆ ಇದರಿಂದಾದ ಮನರಂಜನೆ ಅಷ್ಟಿಷ್ಟಲ್ಲ. ದಿನಾ ಬೆಳಿಗ್ಗೆ ಸಂಜೆ ಜಗಲಿಯ ಮೇಲೆ ಕೂತು ಪೂಜೆ ಮಾಡುವ ಓಂಕಾರಪ್ಪನನ್ನು ನೋಡಿ, ಯಾಕೆ ಎಂದು ಕೇಳಿ, ಮೀನು ಹಿಡಿದದ್ದು ಊರಿಗೆಲ್ಲ ತಿಳಿಯಿತು. ತಾಯಿ ಕೊಟ್ಟ ಶಿಕ್ಷೆಯೇ ಮಗನ ಬಿರುದಾಯಿತು. ಹೋಗುವುದೆಲ್ಲ ಹೋಯಿತಲ್ಲ ಎಂದು ಅವನು ಭಾನುವಾರಗಳನ್ನು ಇನ್ನೂ ಹಲವು ವರ್ಷ ಮುಂದುವರಿಸಿದ. ಮತ್ತೊಂದು ಮೀನು ಸಿಗಲಿಲ್ಲ. ಗೌರಮ್ಮನವರು ಬಾಗಿಲಿಗೆ ಬಂದು ನನ್ನನ್ನು ಕೇಳುವುದನ್ನೂ ನಿಲ್ಲಿಸಿದರು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ ಪೂಜೆಗೆ ಕೂತಲ್ಲೇ ಹೋಗಿಬಿಟ್ಟರು. ಎಷ್ಟೋ ಸಲ ಒಳಗಿನಿಂದ ಜಗಲಿಯ ಕಡೆ ನೋಡುತ್ತಿದ್ದರಂತೆ, ಅವನ ಹೆಂಡತಿ ಹೇಳಿದ್ದಳು. ಕರೆದಿರಲಿಲ್ಲ.

ನಿನ್ನೆ ಸಂಜೆ ಓಂಕಾರಪ್ಪನ ಮನೆಗೆ ಹೋಗಿದ್ದೆ. ಹೊರಗೆ ಜಿಟಿಜಿಟಿ ಮಳೆ. ಜಗಲಿಗೆ ಎರಚಲು ಹೊಡೆಯುತ್ತಿದ್ದರೂ ಅವನು ಮಣೆಯನ್ನು ಗೋಡೆಗೆ ಒತ್ತಿಕೊಂಡು ಪೂಜೆಗೆ ಕೂತಿದ್ದ. ಸೊಸೆ ಬಂದು, ಮಾವ, ಶೀತ ಆಗುತ್ತೆ, ಒಳಗೆ ಬನ್ನಿ ಎಂದು ಕರೆದಳು. ಅವನು ತಲೆ ಅಲ್ಲಾಡಿಸಿದ. ಇದೇನು ಹಠವಯ್ಯ, ಒಂದು ಮೀನನ್ನು ಇನ್ನೂ ಎಷ್ಟು ವರ್ಷ ಊರಿಗೆ ತೋರಿಸುತ್ತೀಯ ಎಂದು ನಾನು ರೇಗಿಸಿದೆ. ಅವನಿಗೆ ನಗು ಬರುತ್ತದೆ ಎಂದುಕೊಂಡಿದ್ದೆ.

"ಅವ್ವ ಕರೀದೇನೇ ಹೋದ್ಲು ಕಣೋ," ಅಂದ. "ಇನ್ನು ಯಾರು ಕರೆದ್ರೆ ತಾನೇ ಹೋಗೋಕಾಗುತ್ತೆ?"

ಮಳೆ ಜೋರಾಯಿತು. ಅವನ ಕೈ ನೆನೆಯದಿರಲೆಂದು ಅಲ್ಲೇ ಮೂಲೆಯಲ್ಲಿದ್ದ ಛತ್ರಿಯನ್ನು ಬಿಚ್ಚಿ, ಪೂಜೆ ಮುಗಿಯುವವರೆಗೂ ಹಿಡಿದುಕೊಂಡು ನಿಂತೆ.