ಇಪ್ಪತ್ತನಾಲ್ಕಕ್ಕೇ ಮುದುಕರಾದ ಮಾವ

ನನ್ನ ಸೋದರಮಾವ ಇಪ್ಪತ್ತನಾಲ್ಕನೇ ವಯಸ್ಸಿಗೇ ಮುದುಕರಾದರು, ಅದೂ ರೇಡಿಯೋದಲ್ಲಿ. ರಾಯದುರ್ಗದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಅವರನ್ನು ಗಡಿಯಾಚೆ ಕರ್ನಾಟಕದ ರೇಡಿಯೋ ನಿಲಯದವರು ನಾಟಕಕ್ಕೆ ಕರೆದಾಗ, ನಾಯಕನ ಪಾತ್ರವೇ ಇರಬೇಕೆಂದು ಹೊಸ ಅಂಗಿ ಹೊಲಿಸಿಕೊಂಡು ಹೋಗಿದ್ದರು. ರೇಡಿಯೋಗೆ ಹೊಸ ಅಂಗಿ. ಕೊಟ್ಟದ್ದು ನಾಯಕಿಯ ತಾತನ ಪಾತ್ರ. ಆ ತಾತ ಎಷ್ಟು ಚೆನ್ನಾಗಿ ಬಂದನೆಂದರೆ ಮುಂದೆ ಮಾವನಿಗೆ ಬೇರೆ ವಯಸ್ಸೇ ಸಿಗಲಿಲ್ಲ. ಊರ ಹಿರಿಯ, ಕೋರ್ಟಿನ ಹಳೇ ಜವಾನ, ಮಗಳ ಮನೆಗೆ ಬಂದು ವಾಪಸು ಹೋಗದ ಅಪ್ಪ, ಹೀಗೇ ವೃತ್ತಿ ಕಳೆಯಿತು. ಎಷ್ಟೋ ನಾಟಕಗಳಲ್ಲಿ ಸತ್ತರು ಕೂಡ. ಅತ್ತೆಗೆ ಅದೆಲ್ಲ ಲೆಕ್ಕಕ್ಕಿರಲಿಲ್ಲ. "ಸತ್ತು ಬಂದ್ರೇನು, ಕೈಕಾಲು ತೊಳಕೊಂಡು ಬರ್ರಿ, ರೊಟ್ಟಿ ಆರ್ತಾವ" ಎನ್ನುತ್ತಿದ್ದರು.

ಮಡಕಶಿರದ ನಮ್ಮ ಮನೆಯಲ್ಲಿ ನಾಟಕ ಕೇಳುವುದೆಂದರೆ ಮಾವನನ್ನು ಹುಡುಕುವುದು. ಕೊನೆಗೆ ಪಾತ್ರಧಾರಿಗಳ ಹೆಸರು ಹೇಳುವಾಗ ಅವರದು ಬರುವುದೋ, 'ಮತ್ತು ಇತರರು' ಆಗುವುದೋ ಎಂದು ನಾನು ಉಗುರು ಕಚ್ಚುತ್ತಿದ್ದೆ. ಚಿಂತೆಯ ಅಭ್ಯಾಸ ಆಗಲೇ ಹತ್ತಿತ್ತು. ಅಮ್ಮನಿಗೆ ಹೆಸರು ಬೇಕಿರಲಿಲ್ಲ, ಮಾತಿಗೆ ಮುಂಚಿನ ಒಂದು ಕೆಮ್ಮು ಸಾಕು. ಕುರಿ ಸಾಕಿಕೊಂಡಿದ್ದ ನಮ್ಮ ತಾತ, ಅಂದರೆ ಅಪ್ಪನ ಅಪ್ಪನಿಗೆ ಮಾತ್ರ ಆ ಮುದುಕನನ್ನು ಕೇಳಿದರೆ ಆಗುತ್ತಿರಲಿಲ್ಲ.

"ನಿನ್ ತಮ್ಮ ಎಲ್ಲಿಂದ ಹಿಡ್ಕಂಡು ಬಂದ್ನಮ್ಮ ಈ ಮುದುಕುನ್ನ? ಮಾತೆತ್ತಿದ್ರೆ ಭಯ ಬೀಳ್ತಾನೆ. ಆರಿಸು ಅತ್ಲಾಗೆ. ಅಲ್ಲ, ಮೋಡ ಆಗೈತೆ, ಕುರಿ ಒಳಕ್ಕೆ ಬಂದ್ವಾ? ಬಂದಿರಾಕಿಲ್ಲ ಬಿಡು" ಎಂದು ಎದ್ದು ಹೋಗುತ್ತಿದ್ದರು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಯಾಕೆಂದು ನನಗೆ ತಿಳಿಯುತ್ತಿರಲಿಲ್ಲ.

ರಜೆಗೆ ರಾಯದುರ್ಗಕ್ಕೆ ಹೋದಾಗೆಲ್ಲ ಮಾವನನ್ನು ಪೀಡಿಸುತ್ತಿದ್ದೆ. ನಾಟಕದ ಹಾಳೆಗಳನ್ನು ಬಿಡಿಯಾಗಿ ಹಿಡಿದು, ಓದಿ ಮುಗಿದದ್ದನ್ನು ಸದ್ದಾಗದಂತೆ ಜಮಖಾನದ ಮೇಲೆ ಜಾರಿಸಬೇಕು ಎಂದು ಹೇಳಿಕೊಟ್ಟರು. ಪಾತ್ರ ಹೊರಗೆ ಹೊರಟರೆ ನಡೆಯಬೇಕಿಲ್ಲ, ಮುಖವನ್ನು ಮೈಕಿನಿಂದ ಮೆಲ್ಲಗೆ ತಿರುಗಿಸಿದರೆ ಆಯಿತು. ಈ ಅಭ್ಯಾಸ ಮನೆಗೂ ಬಂದಿತ್ತು. ನಮ್ಮನ್ನು ಬಸ್ಸು ಹತ್ತಿಸುವಾಗ ನಿಂತಲ್ಲೇ ಮುಖ ತಿರುಗಿಸುತ್ತ ದನಿ ಇಳಿಸುತ್ತಿದ್ದರು. ಮಾವನಿಗೆ ಕೋಪ ಬಂದಿದೆಯೆಂದು ನಾನು ಮಡಕಶಿರದವರೆಗೂ ಕೊರಗಿದ್ದುಂಟು. ಎಲ್ಲ ಹೇಳುತ್ತಿದ್ದ ಮಾವ ಒಂದನ್ನು ಮಾತ್ರ ಹೇಳಲಿಲ್ಲ. ಆ ದನಿಯನ್ನು ಎಲ್ಲಿಂದ ತಂದಿರಿ ಎಂದರೆ, "ನಿಮ್ಮೂರ ಕಡೆ ರತ್ನಗಿರಿ ಗುಡ್ಡದ ಕೋಟಿ ಮ್ಯಾಲೆ ಬಿದ್ದಿತ್ತೋ, ಎತ್ತಿಕೊಂಡು ಬಂದೆ" ಎಂದು ಜಾರಿಕೊಳ್ಳುತ್ತಿದ್ದರು.

ರೇಡಿಯೋದವರ ಕರೆ ನಿಂತು ವರ್ಷಗಳಾದವು. ಈಚೆಗೆ ಬಳ್ಳಾರಿಯ ಕೆಲವು ಯುವಕರು, ಮೊಬೈಲಿನಲ್ಲಿ ಕೇಳುವ ನಾಟಕ ಮಾಡುತ್ತೇವೆಂದು ಮಾವನಿಗೆ ಫೋನ್ ಮಾಡಿದರು. ಮುದುಕನ ಪಾತ್ರವಿದೆ, ನಿಮ್ಮ ಹಳೆಯ ದನಿ ಈಗಲೂ ಬರುವುದಾದರೆ ನಾಲ್ಕು ಮಾತು ರೆಕಾರ್ಡ್ ಮಾಡಿ ಭಾನುವಾರ ಸಂಜೆಯೊಳಗೆ ಕಳಿಸಿ ಎಂದರು. ಇದು ತಪ್ಪಿದರೆ ಇನ್ನೊಂದು ಬಾರದೆಂದು ಎಪ್ಪತ್ತು ದಾಟಿದ ಮಾವನಿಗೆ ಗೊತ್ತಿತ್ತು. ಫೋನಿನ ಕೆಲಸ ಬಲ್ಲವನೆಂಬ ಸುಳ್ಳು ಕೀರ್ತಿ ನನಗಿದ್ದುದರಿಂದ ನನ್ನನ್ನು ಕರೆಸಿಕೊಂಡರು.

ಭಾನುವಾರ ಮಧ್ಯಾಹ್ನ ಕಿಟಕಿ ಮುಚ್ಚಿ ಫ್ಯಾನು ಆರಿಸಿದೆವು. ಪಕ್ಕದ ಮನೆಯಲ್ಲಿ ಜೀನ್ಸ್ ಹೊಲಿಯುವ ಮೆಷಿನ್ನುಗಳನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಎಂದು ಅತ್ತೆ ಕೇಳಿ ಬಂದರು. ಮಾವ ಕೆಮ್ಮಿ ಶುರು ಮಾಡಿದರು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ನಿಜವಾಗಿ ಮುದುಕರಾದ ಮೇಲೆ ಮಾವ ಮುದುಕನಂತೆ ಮಾತಾಡಲು ಹೋದರೆ, ಮುದುಕನನ್ನು ಅಣಕಿಸುವ ಸ್ಕೂಲ್ ಹುಡುಗನಂತೆ ಕೇಳುತ್ತಿತ್ತು. ಮತ್ತೆ ಮಾಡಿದರು. ಅದೇ ಕಥೆ.

"ಹೊಸ ಹಲ್ಲು ತೆಗೆದು ಮಾತಾಡ್ರಿ" ಎಂದರು ಅತ್ತೆ.

ತೆಗೆದರು. ಆಗ ಮಾತೇ ತಿಳಿಯಲಿಲ್ಲ. ಮಾವ ಹಲ್ಲು ಮತ್ತೆ ಹಾಕಿಕೊಂಡರು. "ಆಗಂಗಿಲ್ಲೋ ಅಳಿಯ. ಆ ಮುದುಕ ಹೋಗ್ಯಾನ. ಇಲ್ಲ ಅಂತ ಹೇಳಿಬಿಡು ಅವರಿಗೆ."

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ, ಬರುವುದು ಚಿಂತೆಯೊಂದೇ. "ಇನ್ನೊಂದ್ಸಲ ನೋಡು ಮಾವ. ಮಾಡಂಗಿದ್ರೆ ಬೇಗ ಮಾಡ್ಬೇಕು. ಪಾವಗಡದಾಗೆ ಬಸ್ಸು ಸಿಕ್ತೈತಾ? ಸಿಗಾಕಿಲ್ಲ ಬಿಡು. ಫೋನಾಗೆ ಚಾರ್ಜು ಬೇರೆ ಇಲ್ಲ. ಅಲ್ಲ, ಮನೇಲಿ ಇವಳು ಮೋಟ್ರು ಆಫ್ ಮಾಡಿದ್ಲಾ? ಮಾಡಿರಾಕಿಲ್ಲ..."

ಮಾವ ಕೈ ಎತ್ತಿದರು. ಬೈಯುತ್ತಾರೆಂದುಕೊಂಡೆ.

"ನಿಲ್ಲಿಸಬ್ಯಾಡ. ಹಂಗೇ ಚಿಂತಿ ಮಾಡು" ಎಂದು ಕಣ್ಣು ಮುಚ್ಚಿದರು.

ಯಾರೋ ಹೇಳಿದರೆ ಬರುವ ಚಿಂತೆಯಲ್ಲ ನನ್ನದು, ಆದರೂ ಗ್ಯಾಸು, ಬಿಪಿ ಮಾತ್ರೆ, ಮಗಳ ಪರೀಕ್ಷೆ ಎಂದು ಹುಡುಕಿ ಹುಡುಕಿ ಒಪ್ಪಿಸಿದೆ. ಮಾವನ ತುಟಿ ನನ್ನ ಹಿಂದೆಯೇ ಅಲ್ಲಾಡುತ್ತಿತ್ತು. ಒಂದು ಹಂತದಲ್ಲಿ ಅವರು ಸಾಕೆಂಬಂತೆ ಬೆರಳಾಡಿಸಿದರು. ನಾನು ಬಾಯಿ ಮುಚ್ಚಿ ಫೋನಿನ ಕೆಂಪು ಗುಂಡಿ ಒತ್ತಿದೆ. ಕೆಮ್ಮು ಬಂತು, ಅದರ ಹಿಂದೆ ಆ ದನಿ ಬಂತು. ರೇಡಿಯೋ ಮುದುಕನದೇ. ಆದರೆ ರೇಡಿಯೋ ಪೆಟ್ಟಿಗೆ ಅಡ್ಡ ಇಲ್ಲದೆ ಎದುರಿಗೇ ಕೇಳಿದಾಗ, ಅದು ಜಗಲಿಯ ಮೇಲೆ ಕೂತು ಮೋಡ ನೋಡುತ್ತಿದ್ದವರ ದನಿ.

"ಮಾವ, ಇದು ನಮ್ ತಾತ" ಎಂದೆ.

"ಈಗ ತಿಳೀತೇನು? ನಿಮ್ಮಮ್ಮಗ ಮೊದಲ ನಾಟಕದಾಗ ತಿಳಿದಿತ್ತು. ನಿಮ್ಮ ಮನಿಗೆ ಬಂದಾಗೆಲ್ಲ ಆ ಹಿರಿಯಾರ ಪಕ್ಕ ಹೋಗಿ ಕುಂದ್ರತಿದ್ದೆ. ಹುಡುಗಗ ಭಾಳ ಮರ್ಯಾದಿ ಅಂತ ನಿಮ್ಮಪ್ಪಾರು ಹೊಗಳೋರು."

"ಹೇಳ್ಬೋದಿತ್ತಲ್ಲ."

"ಹೇಳಿದ್ರ ಅಕ್ಕನ ಮನ್ಯಾಗ ನೀರು ಕೊಡತಿದ್ರೇನು? ಹಿರಿಯಾರು ಹೋದಮ್ಯಾಲೆ ಆ ದನಿ ಕೇಳಾಕ ಸಿಗದ ಸವದು ಹೋಗಿತ್ತು. ನೀ ಇದ್ದಿ ಅಂತ ತಲಿಗೆ ಹೊಳದಿದ್ದಿಲ್ಲ ನೋಡು."

ಅತ್ತೆ ಚಹಾ ತಂದಿಟ್ಟು, "ಇವನು ಬಾಗಲದಾಗ ಕಾಲಿಟ್ಟಾಗಿಂದ ನನಗ ಹೊಳದೈತಿ" ಎಂದರು.

ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಕೂತಾಗ ಮಾವನ ಫೋನು ಬಂತು. ಬಳ್ಳಾರಿಯವರು ಒಪ್ಪಿದ್ದಾರೆ, ಮುಂದಿನ ವಾರ ರೆಕಾರ್ಡಿಂಗ್, ನೀನೂ ಬಾ ಎಂದರು.

"ನಾನ್ಯಾಕೆ ಮಾವ? ನಂಗೇನು ಬತ್ತೈತೆ?"

"ಏನೂ ಮಾಡಬ್ಯಾಡ. ಬಾಗಲ ಹತ್ರ ಕುಂತು ಚಿಂತಿ ಮಾಡು, ಸಾಕು."

"ಅಲ್ಲ ಮಾವ, ಅವತ್ತು ನಂಗೆ ರಜ ಕೊಡ್ತಾರಾ? ಕೊಡಾಕಿಲ್ಲ ಬಿಡು. ಕೊಟ್ರೂ ಬಳ್ಳಾರಿಯಿಂದ ವಾಪಸ್ಸು ಬರಾಕೆ ಬಸ್ಸು..."

ಆ ಕಡೆಯಿಂದ ಮಾತಿಲ್ಲ. ಲೈನು ಕಟ್ಟಾಯಿತೇನೋ ಎಂದು ಫೋನು ನೋಡಿದೆ. ಕಟ್ಟಾಗಿರಲಿಲ್ಲ. ಮಾವ ಕೇಳಿಸಿಕೊಳ್ಳುತ್ತಿದ್ದರು.