ಮಸಾರಿಯಲ್ಲಿ ನೋಡಿ ತಂದ ಗಾಡಿ

ನನ್ನ ತವರು ತಾವರಗೇರಾ ಕಡೆ. ಅಲ್ಲಿಯದು ಮಸಾರಿ ನೆಲ, ಕೆಂಪಗೆ, ಮರಳು ಮರಳು. ಮಳೆ ನಿಂತು ಒಂದು ತಾಸಿಗೆ ಚಪ್ಪಲಿ ಹಾಕಿಕೊಂಡೇ ಬಂಡಿದಾರಿಯಲ್ಲಿ ನಡೆಯಬಹುದು. ನೌಕರಿ ಸಿಕ್ಕಿದ್ದು ಮಾತ್ರ ಯಲಬುರ್ಗಾ ತಾಲ್ಲೂಕಿನಲ್ಲಿ, ಕುಕನೂರಿನ ಆಚೆಯ ಎರಿ ಸೀಮೆಯಲ್ಲಿ. ಎರಿ ಅಂದರೆ ಕರಿಮಣ್ಣು. ಬೇಸಿಗೆಯಲ್ಲಿ ಪಾದ ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ, ಮಳೆಯಲ್ಲಿ ಹೆಜ್ಜೆಗೊಂದು ಸೇರು ಮಣ್ಣು ಕಾಲಿಗೆ ಹತ್ತುತ್ತದೆ. ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವುದು ಅಲ್ಲಿನ ರೂಢಿ.

ನಾನು ಉಪಕೇಂದ್ರದ ನರ್ಸು. ಜನ ಬಾಯಾರ ಎಂದು ಕರೆಯುತ್ತಿದ್ದರು. ನನ್ನ ಪಾಲಿಗೆ ಐದು ಹಳ್ಳಿ. ನಾಲ್ಕಕ್ಕೆ ಗರಸಿನ, ಅಂದರೆ ಜಲ್ಲಿಮಣ್ಣಿನ, ರಸ್ತೆಯಾದರೂ ಇತ್ತು. ಐದನೆಯದಕ್ಕೆ ಹೊಲಗಳ ನಡುವಿನ ಬಂಡಿದಾರಿ ಒಂದೇ, ಎರಡು ತಾಸಿನ ನಡಿಗೆ. ನಾನು ಹೊಸದಾಗಿ ಹೋದ ವರ್ಷ ಆ ಊರಿನ ಒಬ್ಬ ಹುಡುಗಿಯ ಚೊಚ್ಚಲ ಹೆರಿಗೆ. ಮಳೆಗಾಲ. ಸುದ್ದಿ ಬಂದ ಮೇಲೆ ಹೊರಟೆ. ನಾನು ಹೋಗಿ ಮುಟ್ಟುವಷ್ಟರಲ್ಲಿ ಕೂಸನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಆ ಹುಡುಗಿ ನನ್ನನ್ನು ಬೈಯಲಿಲ್ಲ. ಅತ್ತೆ ನನಗೆ ಚಹಾ ಮಾಡಿಕೊಟ್ಟಳು, ನಾನು ಕುಡಿದೆ.

ಅಂದಿನಿಂದ ಒಂದು ಪದ್ಧತಿ ಮಾಡಿಕೊಂಡೆ. ಮಳೆಗಾಲದಲ್ಲಿ ಆ ಊರಿನ ಯಾರಿಗಾದರೂ ದಿನ ತುಂಬಿದರೆ, ಪಡುವಣದಲ್ಲಿ ಮೋಡ ಕಟ್ಟುವುದನ್ನು ಕಂಡೊಡನೆ ಹೆರಿಗೆಯ ಸಾಮಾನಿನ ಕಿಟ್ಟು ಹೆಗಲಿಗೆ ಹಾಕಿ ನಡೆದುಬಿಡುತ್ತಿದ್ದೆ. ಮಳೆ ಬೀಳುವ ಮೊದಲೇ ಅವರ ಪಡಸಾಲೆಯಲ್ಲಿ ನನ್ನ ಹಾಸಿಗೆ. ಎರಡು ದಿನ, ಒಮ್ಮೊಮ್ಮೆ ನಾಲ್ಕು ದಿನ. ಅವರು ಕೊಟ್ಟ ರೊಟ್ಟಿ ತಿಂದು, ಹೆರಿಗೆ ಮಾಡಿಸಿ, ದಾರಿ ಒಣಗಿದ ಮೇಲೆ ತಿರುಗಿ ಬರುವುದು. ಹೀಗೆ ಐದಾರು ಕೂಸು ನನ್ನ ಕೈಯಲ್ಲೇ ಹುಟ್ಟಿದವು. ಒಂದೂ ಹೋಗಲಿಲ್ಲ.

ಆದರೆ ನನಗೂ ಮನೆ ಇತ್ತು, ಎರಡು ಮಕ್ಕಳಿದ್ದವು. ಯಜಮಾನರು ಸಾಲಿ ಮಾಸ್ತರು. ನಾನಿಲ್ಲದ ದಿನ ಬೇಳೆ ಸೀದು ಮನೆಯೆಲ್ಲ ಹೊಗೆ. ಕಂಡವರ ಪಡಸಾಲೆಯಲ್ಲಿ ಮಲಗಿ ಮಲಗಿ ನನಗೂ ಬೇಸರ ಬಂದಿತ್ತು, ಸುಳ್ಳೇಕೆ ಹೇಳಲಿ. ಕೊಪ್ಪಳ ಬೇರೆ ಜಿಲ್ಲೆಯಾಗಿ ಎರಡು ಮೂರು ವರ್ಷವಾಗಿತ್ತು. ಮೀಟಿಂಗಿಗೆ ಹೋದರೆ ಅಲ್ಲಿಯ ನರ್ಸುಗಳು ಗಾಡಿಯ ಮೇಲೆ ಬಂದಿಳಿಯುವುದು ಕಾಣುತ್ತಿತ್ತು. ಒಂದು ಗಾಡಿ ಇದ್ದರೆ ಬೆಳಿಗ್ಗೆ ಹೋಗಿ ಸಂಜೆಗೆ ಮನೆ ಸೇರಬಹುದು ಎಂದು ಲೆಕ್ಕ ಹಾಕಿದೆ. ಅದೇ ಹೊತ್ತಿಗೆ, ಚೊಚ್ಚಲ ಕೂಸು ಕಳೆದುಕೊಂಡಿದ್ದ ಆ ಹುಡುಗಿ ಮತ್ತೆ ಬಸಿರಾದಳು. ಏಳನೆಯ ತಿಂಗಳಲ್ಲಿ ತಪಾಸಣೆಗೆ ಬಂದಾಗ ನನ್ನ ಸೆರಗು ಹಿಡಿದು ಕೇಳಿದಳು, “ಈ ಸಲ ಬರ್ತೀರಲ್ಲರಿ ಅಕ್ಕಾರ?”

“ನಿನ್ನ ಬ್ಯಾನಿಗಿಂತ ಮೊದ್ಲ ನಾ ಅಲ್ಲಿರ್ತೀನಿ,” ಎಂದೆ. “ಗಾಡಿ ತಗೋಳಾಕತ್ತೀನಿ.”

ಗಾಡಿಯ ವಿಷಯದಲ್ಲಿ ಮನೆಯಲ್ಲಿ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಯಜಮಾನರದು ಕುಕನೂರಿನ ಮಿಸ್ತ್ರಿಯ ಹತ್ತಿರ ಇದ್ದ ಹಳೆಯ ಮೊಪೆಡ್ ಸಾಕು ಎಂಬ ವಾದ. ಗಾಡಿ ರಿಪೇರಿ ಮಾಡುವ ಈ ಮಿಸ್ತ್ರಿ ವಯಸ್ಸಾದ ಸಾಬರು. ಎಲ್ಲರಿಗೂ ಚಾಚಾ. ಅವರ ತಗಡಿನ ಅಂಗಡಿಯಲ್ಲಿ ಆ ಮೊಪೆಡ್ ಗೋಡೆಗೆ ಒರಗಿ ನಿಂತಿತ್ತು. ಬಣ್ಣ ಹೋಗಿತ್ತು, ಸೀಟಿಗೆ ಗೊಬ್ಬರದ ಚೀಲ ಹೊಲಿದಿದ್ದರು. ಚಕ್ರ ಸೈಕಲ್ಲಿನಂತೆ ದೊಡ್ಡವು, ತೆಳ್ಳಗಿನವು. ಮುಂದಿನ ಮಡಗಾರ್ಡಿಗೆ ಕಬ್ಬಿಣದ ಪಟ್ಟಿ ಬೆಸೆದು ಮೇಲಕ್ಕೆ ಎತ್ತಿಬಿಟ್ಟಿದ್ದರು. ನೋಡಿದರೆ ನಗು ಬರಬೇಕು.

“ಬಾಯಾರ, ಗಾಡಿ ಮಾರಿ ಚಂದ ನೋಡಬ್ಯಾಡ್ರಿ,” ಎಂದರು ಚಾಚಾ. ಚಕ್ರ ಮತ್ತು ಮಡಗಾರ್ಡಿನ ನಡುವೆ ಕೈ ತೂರಿಸಿ ತೋರಿಸಿದರು. “ಈ ಸಂದಿ ನೋಡ್ರಿ. ನಾಕು ಬೆರಳು ಆಡಬೇಕು. ಎರಿಯಾಗ ಓಡಾಕ ಇಷ್ಟ ಹಕೀಕತ್.”

ನನ್ನ ಬಾಯಿ ಸುಮ್ಮನಿರುವಂಥದಲ್ಲ. “ಚಾಚಾ, ಮಾರಾಕ ಬರದ ಮಾಲಿಗೆ ಭಾಳ ಗುಣ ಇರ್ತಾವು ನೋಡ್ರಿ,” ಎಂದೆ. ಅವರು ನಕ್ಕು, ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡು ತಮ್ಮ ಕೆಲಸಕ್ಕೆ ಕುಳಿತರು.

ನನ್ನ ಕಣ್ಣು ಬೇರೆ ಕಡೆ ಇತ್ತು. ತವರಿನಲ್ಲಿ ಅಣ್ಣ ಗಂಗಾವತಿಯಿಂದ ಗೇರಿಲ್ಲದ ಸಣ್ಣ ಸ್ಕೂಟರ್ ತಂದಿದ್ದ. ಸೀರೆ ಉಟ್ಟು ಎರಡೂ ಕಾಲು ಮುಂದೆ ಜೋಡಿಸಿ ಕೂರಬಹುದು. ಬಟನ್ ಒತ್ತಿದರೆ ಶುರು. ಹಾಗಂತ ಕಣ್ಣು ಮುಚ್ಚಿ ಗಾಡಿ ಕೊಂಡೆ ಎಂದಲ್ಲ. ಡಾಂಬರಿನ ಮೇಲೆ ಎಲ್ಲ ಗಾಡಿಯೂ ಓಡುತ್ತದೆ ಎಂದು ತಿಳಿಯದಷ್ಟು ದಡ್ಡಿ ನಾನಲ್ಲ. ಒಂದು ಮಳೆ ಬೀಳುವವರೆಗೆ ಕಾದೆ. ಬಿದ್ದ ಮರುದಿನವೇ ತವರಿಗೆ ಹೋಗಿ, ಅಣ್ಣನ ಗಾಡಿ ತೆಗೆದುಕೊಂಡು ನಮ್ಮ ಹೊಲದ ಬಂಡಿದಾರಿಗೆ ಇಳಿಸಿದೆ. ಕಲ್ಲು, ಕೊರಕಲು, ಹಳ್ಳದ ಮರಳು, ಎಲ್ಲದರಲ್ಲೂ ಹೋಯಿತು. ಒಮ್ಮೆಯೂ ಕಾಲು ಊರಲಿಲ್ಲ.

“ಕುದುರಿ ಆಗೇತಿ,” ಎಂದ ಅಣ್ಣ.

ನನಗೂ ಹಾಗೇ ಅನ್ನಿಸಿತು. ಮಳೆಯಲ್ಲಿ ಓಡಿಸಿ ನೋಡಿದೆ ಎಂಬ ಸಮಾಧಾನ ಬೇರೆ. ಯಾವ ಮಣ್ಣಿನಲ್ಲಿ ಎಂದು ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಹುಟ್ಟಿದ ನೆಲವೇ ನೆಲ ಎಂದು ಮನಸ್ಸಿನ ಒಳಗೆಲ್ಲೋ ಕೂತಿರುತ್ತದೆ. ಆ ವಾರವೇ ಗಂಗಾವತಿಗೆ ಹೋಗಿ ಕೆಂಪು ಬಣ್ಣದ್ದು ತಂದೆ. ಯಜಮಾನರು ಚಕ್ರದಡಿ ನಿಂಬೆಹಣ್ಣು ಇಟ್ಟರು, ಕಾಯಿ ಒಡೆದರು. “ನಿನ್ನ ಗಾಡಿ, ನೀ ಬಲ್ಲಿ,” ಎಂದರು.

ನಂತರ ಸುಮಾರು ಒಂದು ತಿಂಗಳು ಬರಿ ಒಣ ಗಾಳಿ. ನಾಲ್ಕೂ ಹಳ್ಳಿಗೆ ಗಾಡಿಯ ಮೇಲೆ ತಿರುಗಿದೆ. ಒಣಗಿದ ಎರಿಯ ದಾರಿಯಲ್ಲಿ ಐದನೆಯ ಊರಿಗೂ ಅರ್ಧ ತಾಸಿನಲ್ಲಿ ಹೋಗಿ ಬಂದೆ. ಆ ಹುಡುಗಿ ಬಾಗಿಲಿಗೆ ಬಂದು ಗಾಡಿ ಮುಟ್ಟಿ ನೋಡಿದಳು. ಅವಳ ಮುಖದಲ್ಲಿ ಧೈರ್ಯ ಕಂಡು ನನಗೆ ಹೆಮ್ಮೆಯಾಯಿತು.

ಶ್ರಾವಣದಲ್ಲಿ ಅವಳಿಗೆ ದಿನ ತುಂಬಿತು. ಒಂದು ಸಂಜೆ ಪಡುವಣದಲ್ಲಿ ಮೋಡ ಕಟ್ಟಿತು. ನಾನು ಅಂಗಳದಲ್ಲಿ ನಿಂತು ನೋಡಿದೆ. ಹಿಂದಿನ ವರ್ಷವಾಗಿದ್ದರೆ ಆ ಹೊತ್ತಿಗೆ ಕಿಟ್ಟು ಹೆಗಲಲ್ಲಿರುತ್ತಿತ್ತು. ಗಾಡಿ ಇದೆಯಲ್ಲ, ಸುದ್ದಿ ಬಂದರೆ ಅರ್ಧ ತಾಸು ಎಂದುಕೊಂಡು ಒಳಗೆ ಹೋಗಿ ಮಕ್ಕಳಿಗೆ ಊಟಕ್ಕೆ ಬಡಿಸಿದೆ.

ಬೆಳಿಗ್ಗೆ ಅವಳ ಗಂಡ ಬಾಗಿಲಲ್ಲಿ ನಿಂತಿದ್ದ. ಮೊಣಕಾಲವರೆಗೆ ಕರಿಮಣ್ಣು, ಕೈಯಲ್ಲಿ ಚಪ್ಪಲಿ. “ಬ್ಯಾನಿ ಸುರುವಾಗ್ಯಾವ್ರಿ ಬಾಯಾರ.”

“ನೀ ನಡಿ,” ಎಂದೆ. “ನಿನಗಿಂತ ಮೊದ್ಲ ಹೋಗಿರ್ತೀನಿ.”

ಗರಸಿನ ರಸ್ತೆ ಮುಗಿದು ಎರಿ ಶುರುವಾಗುವಲ್ಲಿ ಒಂದು ಬನ್ನಿ ಮರವಿದೆ. ಅದನ್ನು ದಾಟಿ ಒಂದು ಹೊಲದಷ್ಟು ದೂರ ಹೋಗಿರಬೇಕು. ಮುಂದಿನ ಚಕ್ರ ತಿರುಗುವುದನ್ನು ನಿಲ್ಲಿಸಿತು. ಇಳಿದು ನೋಡಿದರೆ ಮಡಗಾರ್ಡಿನ ಒಳಗೆ ಗಾರೆ ಮೆತ್ತಿದಂತೆ ಮಣ್ಣು ತುಂಬಿತ್ತು. ಒಂದು ಬೆರಳೂ ಹೋಗಲಿಲ್ಲ. ಕಡ್ಡಿಯಿಂದ ಕೆರೆದೆ, ಹತ್ತು ಮಾರು ಹೋಯಿತು, ಮತ್ತೆ ನಿಂತಿತು. ಮತ್ತೆ ಕೆರೆದೆ. ಹೀಗೆ ಎಷ್ಟು ಸಲವೋ. ಬಿಟ್ಟು ನಡೆಯಬೇಕಿತ್ತು. ಹೊಸ ಗಾಡಿ, ದಾರಿಯಲ್ಲಿ ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಆ ಒಂದು ತಾಸು ನನ್ನ ತಲೆಯಲ್ಲಿ ಇದ್ದದ್ದು ಗಾಡಿ, ಆ ಹುಡುಗಿಯಲ್ಲ. ಇದನ್ನು ಇಷ್ಟು ವರ್ಷ ಯಾರ ಮುಂದೆಯೂ ಹೇಳಿಲ್ಲ.

ಅಷ್ಟರಲ್ಲಿ ನಡೆದು ಬರುತ್ತಿದ್ದ ಅವಳ ಗಂಡ ಅಲ್ಲಿಗೆ ಮುಟ್ಟಿದ. ಗಾಡಿಯನ್ನು ಎತ್ತಿ ಬದುವಿಗೆ ಒರಗಿಸಿದ, ಕಿಟ್ಟನ್ನು ತಲೆಯ ಮೇಲೆ ಇಟ್ಟುಕೊಂಡ, ನಡೆದ. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಅವನ ಹಿಂದೆ ನಡೆದೆ.

ಊರು ಮುಟ್ಟಿದಾಗ ಮಧ್ಯಾಹ್ನ. ಒಳಗಿಂದ ಕೂಸಿನ ಅಳು ಕೇಳಿತು. ನನ್ನ ಕಾಲು ಹಗುರಾಯಿತು. ಒಳಗೆ ಹೋಗಿ ನೋಡಿದರೆ ಹೆಣ್ಣು ಕೂಸು ಚೆನ್ನಾಗಿತ್ತು, ತಾಯಿ ಚೆನ್ನಾಗಿರಲಿಲ್ಲ. ಅತ್ತೆ ತನಗೆ ತಿಳಿದದ್ದನ್ನೆಲ್ಲ ಮಾಡಿದ್ದಳು. ರಕ್ತ ಮಾತ್ರ ನಿಂತಿರಲಿಲ್ಲ, ಹಾಸಿದ ಕೌದಿ ತೊಯ್ದು ನೆಲಕ್ಕೆ ಇಳಿದಿತ್ತು. ಹುಡುಗಿಯ ತುಟಿ ಬಿಳಿಚಿಕೊಂಡಿತ್ತು. ಇಂಜೆಕ್ಷನ್ ಕೊಟ್ಟೆ, ಹೊಟ್ಟೆ ತಿಕ್ಕಿದೆ, ಕಾಲಿನ ಕಡೆ ಹಾಸಿಗೆ ಎತ್ತರಿಸಿದೆ. ಬಂಡಿ ಕಟ್ಟಿ ಕುಕನೂರಿಗೆ ಒಯ್ಯೋಣವೆಂದರೆ ಆ ಎರಿಯಲ್ಲಿ ಎತ್ತೂ ಹೆಜ್ಜೆ ಇಡುವಂತಿರಲಿಲ್ಲ. ಸಂಜೆಯ ಹೊತ್ತಿಗೆ ರಕ್ತ ನಿಂತಿತು. ಇನ್ನೊಂದು ತಾಸು ತಡವಾಗಿದ್ದರೆ ಏನಾಗುತ್ತಿತ್ತೆಂದು ಅತ್ತೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮೂರು ದಿನ ಅದೇ ಪಡಸಾಲೆಯಲ್ಲಿ ಮಲಗಿದೆ. ಮೂರನೆಯ ದಿನ ಹುಡುಗಿಗೆ ಗಂಜಿ ಕುಡಿಸುತ್ತಿದ್ದಾಗ, ಅವಳು ಸಿಟ್ಟಿಲ್ಲದೆ, ಕೂಸಿನ ಕಡೆ ನೋಡುತ್ತಲೇ ಕೇಳಿದಳು.

“ಅಕ್ಕಾರ, ಮೋಡ ನಿಮ್ಮೂರಿಗೂ ಕಾಣಿಸಿರಬೇಕಲ್ಲರಿ?”

“ಕಾಣಿಸಿತ್ತವ್ವಾ,” ಎಂದೆ.

“ಗಾಡಿ ಇಲ್ಲದಾಗ ಮೋಡ ನೋಡಿ ಬರ್ತಿದ್ರಿ.”

ಉಳಿದ ಗಂಜಿಯನ್ನು ತಲೆ ತಗ್ಗಿಸಿ ಕುಡಿಸಿ, ಬಟ್ಟಲು ತೊಳೆಯಲು ಎದ್ದೆ.

ದಾರಿ ಒಣಗಿದ ಮೇಲೆ, ಚಕ್ರ ತಿರುಗುವಷ್ಟು ಮಣ್ಣು ಕೆರೆದು, ಗಾಡಿಯನ್ನು ಚಾಚಾರ ಅಂಗಡಿಗೆ ತಳ್ಳಿಕೊಂಡು ಹೋದೆ. ಮಾಡಿದ್ದುಣ್ಣೋ ಮಹಾರಾಯ ಎಂದು ಅವರು ಅಂದಿದ್ದರೂ ನಾನು ಕೇಳಿಸಿಕೊಳ್ಳುತ್ತಿದ್ದೆ. ಅವರು ಉಳಿಯಿಂದ ಮಣ್ಣು ಬಿಡಿಸಿ, ಮಡಗಾರ್ಡ್ ಕಿತ್ತು, ಪಟ್ಟಿ ಬೆಸೆದು ಎತ್ತರಿಸಿ ಕೊಟ್ಟರು. ಸಂದಿಯಲ್ಲಿ ನಾಲ್ಕು ಬೆರಳು ಆಡಿಸಿ ನೋಡಿದೆ, ಆಡಿದವು. ಅದರ ನಂತರ ಗಾಡಿ ಎರಿಯಲ್ಲೂ ತಕ್ಕಮಟ್ಟಿಗೆ ಓಡಿತು, ಬಹಳ ವರ್ಷ ಓಡಿತು.

ಮರುವರ್ಷ ಆ ಊರಿನಲ್ಲಿ ಇನ್ನೊಬ್ಬಳಿಗೆ ದಿನ ತುಂಬಿದಾಗ ಪಡುವಣದಲ್ಲಿ ಮೋಡ ಕಂಡಿತು. ಕಿಟ್ಟು ಹೆಗಲಿಗೆ ಹಾಕಿಕೊಂಡು ಹೊರಬಂದೆ. ಯಜಮಾನರು ಗಾಡಿಯ ಕೀಲಿ ಹಿಡಿದು ಬಂದರು.

“ಗಾಡಿ ಛಲೋ ಆಗೇತಲ್ಲ ಈಗ?” ಎಂದರು.

“ಆಗೇತಿ,” ಎಂದೆ. ಕೀಲಿಯನ್ನು ಅವರ ಕೈಯಲ್ಲೇ ಬಿಟ್ಟು, ಮಳೆ ಬೀಳುವ ಮೊದಲೇ ಬನ್ನಿ ಮರ ದಾಟಬೇಕೆಂದು ಬೇಗ ಬೇಗ ನಡೆದೆ.